ಭಾವನ ಆನೆ, ಭಾವಮೈದನ ಆನೆ

ನಾನು ನಾಗಪುರಕ್ಕೆ ಬಂದದ್ದು ನೀರಿನ ಗುಣ ಪರೀಕ್ಷಿಸುವ ಪ್ರಯೋಗಾಲಯದ ಕೆಲಸಕ್ಕೆ, ಚೆಸ್ ಆಡಲಿಕ್ಕಲ್ಲ. ಆದರೆ ಪ್ರತಾಪ್ ನಗರದಲ್ಲಿ ನನಗೆ ಬಾಡಿಗೆಗೆ ಸಿಕ್ಕ ಮಹಡಿಯ ಕೆಳಗಿದ್ದ ಯಜಮಾನರು ಒಂದು ಚೆಸ್ ಕ್ಲಬ್ಬಿನ ಅಧ್ಯಕ್ಷರು. ಮನೆ ನೋಡಲು ಹೋದ ದಿನ ಅವರು ಮುಂಗಡದ ಮಾತೆತ್ತಲಿಲ್ಲ. ಮಾಂಸ ತಿನ್ನುತ್ತೀರಾ ಎಂದು ಕೇಳಲಿಲ್ಲ. ಮದುವೆಯಾಗಿದೆಯೇ, ಇಲ್ಲವಾದರೆ ಯಾಕಿಲ್ಲ ಎಂದೂ ವಿಚಾರಿಸಲಿಲ್ಲ.

"ಚೆಸ್ ಬರ್ತೈತೇನ್ರಿ?" ಎಂದರು.

"ಕುದುರೆ ಹೇಗೆ ನಡೆಯುತ್ತೆ ಅಂತ ಗೊತ್ತು ಸರ್."

"ಬಸ್, ಸಾಕು," ಎಂದು ಕೀಲಿ ಕೈಗಿಟ್ಟರು.

ಎಂಥ ದೊಡ್ಡ ಮನಸ್ಸಿನವರು ಎಂದುಕೊಂಡೆ. ಅದು ದೊಡ್ಡ ಮನಸ್ಸಲ್ಲ, ನಿಯಮಪಾಲನೆ ಎಂದು ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು. ಆ ವರ್ಷ ನಗರದ ಚೆಸ್ ಲೀಗಿನವರು ಹೊಸ ಷರತ್ತು ಹಾಕಿದ್ದರು: ನಾಲ್ಕು ಜನರ ತಂಡದಲ್ಲಿ ಒಬ್ಬ ಮಹಿಳೆ ಇರಲೇಬೇಕು. ಅಧ್ಯಕ್ಷರ ಕ್ಲಬ್ಬಿಗೆ ಅಲ್ಲಿಯವರೆಗೆ ಕಾಲಿಟ್ಟ ಹೆಂಗಸೆಂದರೆ ಕಸ ಗುಡಿಸಲು ಬರುತ್ತಿದ್ದವಳೊಬ್ಬಳೇ. ಅವಳನ್ನೂ ಕೇಳಿ ನೋಡಿದ್ದರಂತೆ. ಭಾನುವಾರವೂ ಕೆಲಸ ಮಾಡುವುದಿಲ್ಲ ಎಂದು ಅವಳು ಖಂಡಿತವಾಗಿ ಹೇಳಿಬಿಟ್ಟಿದ್ದಳು. ಹಾಗಾಗಿ ಮೈಸೂರಿನಿಂದ ಒಬ್ಬಳು ಮನೆ ಹುಡುಕಿಕೊಂಡು ಬಂದಾಗ ಅವರಿಗೆ ಕಂಡದ್ದು ಬಾಡಿಗೆದಾರಳಲ್ಲ, ನಾಲ್ಕನೇ ಬೋರ್ಡು.

ಅಧ್ಯಕ್ಷರು ಗದಗಿನ ಕಡೆಯವರು. ಹರೆಯದಲ್ಲಿ ರೈಲ್ವೆ ನೌಕರಿಗೆ ಬಂದವರು, ನಿವೃತ್ತರಾದ ಮೇಲೂ ಇಲ್ಲೇ ನಿಂತರು. ಮನೆಯೊಳಗೆ ಕನ್ನಡ, ಗೇಟಿನಾಚೆ ಮರಾಠಿ, ಸಿಟ್ಟು ಬಂದಾಗ ಹಿಂದಿ. ಅವರ ಹೆಂಡತಿಯನ್ನು ಇಡೀ ಓಣಿ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಕರೆಯತೊಡಗಿದೆ. ಕಾಕು ಹೆಚ್ಚು ಮಾತಿನವರಲ್ಲ. ಗಂಡ ಚೆಸ್ ಬಗ್ಗೆ ಮಾತಾಡುವಾಗ ಅವರು ಬೇಳೆ ಆರಿಸುತ್ತ ಕೂತಿರುತ್ತಿದ್ದರು. ಗಂಡನ ಮಾತು ಬೇಳೆಗಿಂತ ಹೆಚ್ಚು ಹೊತ್ತು ನಡೆದರೆ ಆರಿಸಿದ ಬೇಳೆಯನ್ನೇ ಮತ್ತೊಮ್ಮೆ ಆರಿಸುತ್ತಿದ್ದರು.

ಕ್ಲಬ್ಬು ಎಂದರೆ ಹೌಸಿಂಗ್ ಸೊಸೈಟಿಯೊಂದರ ನೆಲಮಹಡಿಯ ಕೋಣೆ. 'ಮೌನವಾಗಿರಿ' ಎಂಬ ಫಲಕ ಮೂರು ಭಾಷೆಗಳಲ್ಲಿ ತೂಗುತ್ತಿತ್ತು. ಅದರ ಕೆಳಗೆ ಕೂತು ಸದಸ್ಯರು ಮೂರೂ ಭಾಷೆಗಳಲ್ಲಿ ಮೆಟ್ರೋ ಬಗ್ಗೆ, ಮಹಾನಗರಪಾಲಿಕೆಯ ಬಗ್ಗೆ, ತಂತಮ್ಮ ರಕ್ತದೊತ್ತಡದ ಬಗ್ಗೆ ಮಾತಾಡುತ್ತಿದ್ದರು. ಬಹುಪಾಲು ನಿವೃತ್ತರೇ. ನೌಕರಿ ಎಂಬುದೊಂದು ಅಡ್ಡ ಬರದಿದ್ದರೆ ಅವರಲ್ಲಿ ಪ್ರತಿಯೊಬ್ಬರೂ ರಾಜ್ಯ ಚಾಂಪಿಯನ್ ಆಗಬೇಕಾದವರು. ನಮ್ಮ ತಂಡದ ಎರಡನೇ ಬೋರ್ಡು ಹೋಮಿಯೋಪತಿ ಡಾಕ್ಟರದು. ಅವರ ಆಟವೂ ಅವರ ಔಷಧಿಯಂತೆಯೇ ಯಾರಿಗೂ ಅಪಾಯ ಮಾಡುತ್ತಿರಲಿಲ್ಲ. ಮೂರನೇ ಬೋರ್ಡಿನ ಬ್ಯಾಂಕ್ ಅಧಿಕಾರಿ ಚೆಸ್ ಕಲಿತದ್ದು ಮೊಬೈಲಿನಲ್ಲಿ. ಆರಂಭದ ನಡೆಗಳು ವಿಶ್ವ ಚಾಂಪಿಯನ್ನರದ್ದೇ ಇರುತ್ತಿದ್ದವು. ಅಲ್ಲಿಂದಾಚೆ ಸ್ವಂತ ಬುದ್ಧಿ ಉಪಯೋಗಿಸಬೇಕಾಗಿ ಬಂದಾಗ ಸೋಲುತ್ತಿದ್ದರು.

ಲೀಗಿನ ಕೊನೆಯ ವಿಭಾಗದಲ್ಲಿ ನಾವಿದ್ದೆವು. ಎಲ್ಲ ತಂಡಗಳೂ ನಮ್ಮನ್ನು ಸೋಲಿಸುತ್ತಿದ್ದವು, ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ನಮಗೆ ವೈರಿ ಎಂದರೆ ಒಂದೇ ಕ್ಲಬ್ಬು, ನಗರದಂಚಿನ ವಾಡಿಯದು. ಅದು ನಮ್ಮಿಂದಲೇ ಸಿಡಿದು ಹೋದದ್ದು. ಅದರ ನಾಯಕ ನಮ್ಮ ಅಧ್ಯಕ್ಷರ ಖಾಸಾ ಭಾವಮೈದ, ಅಂದರೆ ಕಾಕುವಿನ ಒಡಹುಟ್ಟಿದ ತಮ್ಮ.

ಒಡೆದ ಕಥೆಯನ್ನು ನನಗೆ ಹೇಳಿದವರು ಡಾಕ್ಟರು. ಹಿಂದೊಮ್ಮೆ ಕ್ಲಬ್ಬಿನೊಳಗಿನ ಪಂದ್ಯದಲ್ಲಿ ಭಾವ, ಭಾವಮೈದ ಎದುರುಬದುರು ಕೂತಿದ್ದರು. ಭಾವಮೈದ ತನ್ನ ಒಂಟೆಯನ್ನು ಮುಟ್ಟಿದ. ಚೆಸ್ಸಿನಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ನಡೆಸಿದರೆ ಅವನ ಮಂತ್ರಿ ಹೋಗುತ್ತಿತ್ತು. "ನಾ ನಡಸಾಕ ಮುಟ್ಟಿಲ್ಲ, ಒಂಟಿ ಮ್ಯಾಲ ಚಿವಡಾ ಬಿದ್ದಿತ್ತು, ಝಾಡಿಸಿದೆ," ಎಂದ. "ಚಿವಡಾ ತೋರಿಸು," ಎಂದರು ಅಧ್ಯಕ್ಷರು. ಝಾಡಿಸಿದ ಅವಲಕ್ಕಿ ಚಿವಡಾ ಎಲ್ಲಿಂದ ತರುವುದು? ನೆಲದ ಮೇಲೆ ಹುಡುಕಿದರು. ಚಿವಡಾ ಬೇಕಾದಷ್ಟಿತ್ತು, ಆದರೆ ಅದು ಯಾವ ಕಾಯಿಯ ಮೇಲಿಂದ ಬಿದ್ದದ್ದು ಎಂದು ಸಾಬೀತುಪಡಿಸಲು ಆಗಲಿಲ್ಲ. ಅಧ್ಯಕ್ಷರು ಆಟಗಾರರೂ ತಾವೇ, ತೀರ್ಪುಗಾರರೂ ತಾವೇ ಆಗಿ ತಮ್ಮ ಪರವಾಗಿ ತೀರ್ಪಿತ್ತರು. ಭಾವಮೈದ ಎದ್ದು ಹೋದ. ಅವನ ಹಿಂದೆ ಅರ್ಧ ಕ್ಲಬ್ಬು ಹೋಯಿತು, ಅರ್ಧ ಕ್ಲಬ್ಬಿನ ಜೊತೆ ಅಷ್ಟೂ ಚೆಸ್ ಗಡಿಯಾರಗಳು ಹೋದವು. ವಾಡಿಯಲ್ಲಿ ಹೊಸ ಕ್ಲಬ್ಬು ಶುರುವಾಯಿತು. ಹೆಸರು ನಮ್ಮದೇ, ಅದರ ಮುಂದೆ 'ಮೂಲ' ಎಂಬುದೊಂದು ಸೇರಿತ್ತು. ಪಕ್ಷಗಳು ಒಡೆಯುವುದನ್ನು ನೋಡುತ್ತ ಮಹಾರಾಷ್ಟ್ರದಲ್ಲಿರುವವರಿಗೆ ಇಂಥದ್ದನ್ನು ಹೇಗೆ ಮಾಡಬೇಕೆಂದು ಹೇಳಿಕೊಡಬೇಕಾಗಿಲ್ಲ.

ಅಲ್ಲಿಂದ ಭಾವ, ಭಾವಮೈದರ ನಡುವೆ ಮಾತಿಲ್ಲ. ಭಾವ ತಪ್ಪೊಪ್ಪಿಕೊಳ್ಳುವ ತನಕ ತಾನಾಗಿ ಬಾಯಿ ಬಿಡುವುದಿಲ್ಲ ಎಂದು ತಮ್ಮ ಶಪಥ ಮಾಡಿದ್ದ. ಭಾವ ಮನೆಯಲ್ಲಿರುವಾಗ ಅವನು ಅಕ್ಕನ ಹೊಸ್ತಿಲು ದಾಟುತ್ತಿರಲಿಲ್ಲ. ಭಾವ ಬೆಳಿಗ್ಗೆ ಖಾರದ ರಸ ಸುರಿದ ಅವಲಕ್ಕಿ, ತರ್ರಿ ಪೋಹೆ ತಿನ್ನಲು ಚೌಕಿಗೆ ಹೋದಾಗ ಗೇಟಿನ ಬಳಿ ಸ್ಕೂಟರ್ ನಿಲ್ಲುತ್ತಿತ್ತು. ಕಾಕು ಕೈಯಲ್ಲಿ ಡಬ್ಬಿ ಹಿಡಿದು ಹೊರಗೆ ಹೋಗುತ್ತಿದ್ದರು.

ಬೇಸಿಗೆಯಲ್ಲಿ ಲೀಗಿನ ಕೊನೆಯ ಪಂದ್ಯ ಬಂತು, ನಾವು ಮತ್ತು ವಾಡಿ. ಎರಡೂ ತಂಡಗಳು ಅಷ್ಟರಲ್ಲಿ ಪಟ್ಟಿಯ ತಳದಲ್ಲಿ ಒಟ್ಟಿಗೇ ಕೂತಿದ್ದವು. ಗೆದ್ದವರಿಗೆ ಕೊನೆಯಿಂದ ಎರಡನೇ ಸ್ಥಾನ. ಅಧ್ಯಕ್ಷರು ಇದನ್ನು ಅಂತಿಮ ಹಣಾಹಣಿ ಎಂದು ಕರೆದರು. ಲೀಗಿನ ವಾಟ್ಸಾಪ್ ಗುಂಪಿನಲ್ಲಿ ತಂಡಗಳ ಹೆಸರು ಬಂದ ದಿನ ನಾನು ಬಾಡಿಗೆ ಕೊಡಲು ಕೆಳಗೆ ಇಳಿದಿದ್ದೆ. ವಾಡಿಯವರ ಪರ ಆವರೆಗೆ ಆಡುತ್ತಿದ್ದ ಹುಡುಗಿ ಪರೀಕ್ಷೆಗೆಂದು ಪುಣೆಗೆ ಹೋಗಿದ್ದಳು. ಅವಳ ಜಾಗದಲ್ಲಿ ಹೊಸ ಹೆಸರಿತ್ತು. ಅಧ್ಯಕ್ಷರು ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು.

"ಇದೇನ ಇದು? ನಿನ್ನ ಹೆಸರು ಐತಿ ಇದರಾಗ!"

"ಹೌದು," ಎಂದರು ಕಾಕು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀ ಅವನ ಕಡೆ ಆಡ್ತಿ?"

"ತಮ್ಮ ಕೇಳಿದ, ಹೂಂ ಅಂದೆ."

"ನಿನಗ ಚೆಸ್ ಬರ್ತೈತಂತ ನನಗ ಒಮ್ಮಿನೂ ಹೇಳಿಲ್ಲ!"

"ನೀವು ಒಮ್ಮಿನೂ ಕೇಳಿಲ್ಲ. ಮಹಡಿ ಮ್ಯಾಲ ಬಂದ ಹುಡಿಗಿನ್ನ ಗೇಟಿನಾಗ ಕೇಳಿದ್ರಿ. ಕಸಾ ಹೊಡಿಯಾಕಿನ್ನೂ ಕೇಳಿದ್ರಿ."

ನಾನು ಬಾಡಿಗೆಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಮಹಡಿ ಹತ್ತಿದೆ. ಕೆಳಗಿನಿಂದ ಬಹಳ ಹೊತ್ತು ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಮರುದಿನದಿಂದ ಆ ಮನೆ ಗಡಿಪ್ರದೇಶವಾಯಿತು. ಅಧ್ಯಕ್ಷರ ಪ್ರಕಾರ ಅಡುಗೆಮನೆಯಲ್ಲಿ ಶತ್ರುಪಕ್ಷದ ಗೂಢಚಾರರಿದ್ದರು. ರಣತಂತ್ರದ ಸಭೆಗಳನ್ನು ಕ್ಲಬ್ಬಿನಿಂದ ನಮ್ಮ ತಾರಸಿಗೆ ವರ್ಗಾಯಿಸಿದರು, ಏಕೆಂದರೆ ಕ್ಲಬ್ಬಿನಲ್ಲಿ ಯಾರು ಯಾರ ಕಡೆ ಎಂದು ಹೇಳಲಾಗದು. ನಾಗಪುರದ ಮೇ ತಿಂಗಳಲ್ಲಿ ಸಂಜೆಯ ತಾರಸಿ ಹೆಂಚಿನಂತೆ ಇರುತ್ತದೆ. ಡಾಕ್ಟರು ಚಪ್ಪಲಿ ಬಿಡಲಾರದೆ, ಹಾಕಿಕೊಂಡು ಚಾಪೆ ತುಳಿಯಲಾರದೆ ನಿಂತೇ ಸಭೆ ಮುಗಿಸುತ್ತಿದ್ದರು. ಅಧ್ಯಕ್ಷರು ದನಿ ತಗ್ಗಿಸಿ ಪ್ರತಿಯೊಬ್ಬರಿಗೂ ತಂತ್ರ ಹೇಳುತ್ತಿದ್ದರು. ನನಗೆ ಹೇಳಿದ್ದು ಇಷ್ಟು: "ಆಕಿಗೆ ಊಟ ಆದ ಮ್ಯಾಲ ತೂಕಡಿಕಿ ಬರ್ತೈತಿ. ನೀವು ಸಾವಕಾಶ ಆಡ್ರಿ, ಬರೋಬರ್ ಆಕ್ಕೈತಿ." ಇಷ್ಟು ವರ್ಷಗಳ ಸಂಸಾರದಲ್ಲಿ ಹೆಂಡತಿಯ ಬಗ್ಗೆ ಅವರು ಸಂಗ್ರಹಿಸಿದ್ದ ಗುಪ್ತ ಮಾಹಿತಿ ಅಷ್ಟೇ.

ಅಷ್ಟರಲ್ಲಿ ಕಾಕು ಮೆಟ್ಟಿಲು ಹತ್ತಿ ಪನ್ಹಾ ತಂದರೆ ಸಭೆ ಗಕ್ಕನೆ ನಿಂತು ಎಲ್ಲರೂ ಆಕಾಶ ನೋಡುತ್ತಿದ್ದರು. ಕಾಕು ಲೋಟಗಳನ್ನು ಕೊಟ್ಟು, "ನಡೀಲಿ, ನಡೀಲಿ," ಎಂದು ಇಳಿದು ಹೋಗುತ್ತಿದ್ದರು. ಮಾವಿನಕಾಯಿಯ ಆ ಪಾನಕವನ್ನು ಶತ್ರುಪಕ್ಷದ್ದೆಂದು ಯಾರೂ ಬೇಡವೆನ್ನಲಿಲ್ಲ.

ಪಂದ್ಯದ ಭಾನುವಾರ ನಾವೆಲ್ಲ ಹೊರಟದ್ದು ಒಂದೇ ಕಾರಿನಲ್ಲಿ. ಅಧ್ಯಕ್ಷರಿಗೆ ಅದು ಸರಿಬರಲಿಲ್ಲ, ಎರಡು ತಂಡಗಳು ಒಂದೇ ವಾಹನದಲ್ಲಿ ಹೋಗುವುದು ಎಲ್ಲಾದರೂ ಉಂಟೇ ಎಂದರು. "ಹಂಗಾರ ನಾ ಬಸ್ಸಿನಾಗ ಬರ್ತೀನಿ, ಬುತ್ತಿನೂ ನನ್ನ ಸಂಗತಿನ ಬರ್ತೈತಿ," ಎಂದರು ಕಾಕು. ಅಧ್ಯಕ್ಷರು ಮುಂದಿನ ಬಾಗಿಲು ತೆಗೆದು ನಿಂತರು.

ವಾಡಿಯ ಕ್ಲಬ್ಬು ಇದ್ದದ್ದು ಅಮರಾವತಿ ರಸ್ತೆಯ ಒಂದು ಸರಕು ಗೋದಾಮಿನ ಮೇಲಂತಸ್ತಿನಲ್ಲಿ. ಗೋದಾಮು ಮತ್ತು ಲಾರಿಗಳ ಮಾಲೀಕರೇ ಅವರ ಎರಡನೇ ಬೋರ್ಡು. ಕೆಳಗೆ ಲಾರಿಗಳು ಹಿಂದೆ ಮುಂದೆ ಸರಿಯುತ್ತ ಹಾರ್ನ್ ಹೊಡೆಯುತ್ತಿದ್ದವು, ಮೇಲೆ 'ಮೌನವಾಗಿರಿ' ಎಂಬ ಫಲಕ. ಒಡೆದು ಹೋದರೂ ಸಂಸ್ಕೃತಿ ಬಿಟ್ಟಿರಲಿಲ್ಲ.

ಮೊದಲ ಜಗಳ ಕೂಲರಿನದು. ಹಾಲಿನಲ್ಲಿ ಇದ್ದದ್ದು ಒಂದೇ ಕೂಲರು, ಅಲಮಾರಿಯಷ್ಟು ದೊಡ್ಡದು. ಅದನ್ನು ಆತಿಥೇಯರು ತಮ್ಮ ಬೆನ್ನಿಗೆ ಗಾಳಿ ಬೀಸುವಂತೆ ಇಟ್ಟಿದ್ದರು. ನಮ್ಮ ಕುರ್ಚಿಗಳ ಹಿಂದೆ ಬಿಸಿಲು ತುಂಬಿದ ಕಿಟಕಿ. ಅಧ್ಯಕ್ಷರು ಆಕ್ಷೇಪಣೆ ಎತ್ತಿದರು. ಭಾವಮೈದ ನೇರ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ, "ಅವರಿಗೆ ಹೇಳ್ರಿ, ಬಾಜಿ ಸುರು ಆಗೂದ್ರಾಗ ಥಂಡ ಆಕ್ಕೈತಿ," ಎಂದ. ಅಧ್ಯಕ್ಷರೂ ನನಗೇ ಹೇಳಿದರು: "ಅವರಿಗೆ ಕೇಳ್ರಿ, ಕೂಲರ್ ಏನು ಅವರ ಅಪ್ಪಂದೇನು." ಇಬ್ಬರ ನಡುವೆ ಒಂದು ಕುರ್ಚಿಯಷ್ಟು ಅಂತರ. ಅವರಾಡಿದ್ದನ್ನೇ ನಾನು ಮತ್ತೆ ಹೇಳಲೋ ಬೇಡವೋ ಎಂದು ತಿಳಿಯದೆ ನಿಂತೆ. "ಅವನ ಅಪ್ಪ ಅಂದ್ರ ನಮ್ಮಪ್ಪನೂ ಹೌದಲ್ರಿ," ಎಂದು ಕಾಕು ಹಿಂದಿನಿಂದ ನೆನಪಿಸಿದರು.

ಅಷ್ಟರಲ್ಲಿ ತೀರ್ಪುಗಾರಳು ಬಂದಳು. ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ, ಅಲ್ಲಿದ್ದ ಬಹುತೇಕರ ಮೊಮ್ಮಗಳ ವಯಸ್ಸು. ಕುತ್ತಿಗೆಗೆ ಗುರುತಿನ ಚೀಟಿ, ಮುಖದಲ್ಲಿ ಒಂದಿಷ್ಟೂ ನಗು ಇಲ್ಲ. ಬಂದವಳೇ ಕೂಲರನ್ನು ಮಧ್ಯಕ್ಕೆ ಎಳೆಸಿ ಎರಡೂ ಕಡೆಗೆ ಸಮನಾಗಿ ಗಾಳಿ ಬರುವಂತೆ ಮಾಡಿದಳು. ಗಾಳಿ ಸಮನಾಗಿ ಬಂತು, ಮೇಜಿನ ಮೇಲಿನ ಕಾಗದಗಳೆಲ್ಲ ಸಮನಾಗಿ ಹಾರಿದವು. ಲಾರಿ ಮಾಲೀಕರು ಕೆಳಗಿನಿಂದ ದೊಡ್ಡ ದೊಡ್ಡ ನಟ್ಟುಗಳನ್ನು ತರಿಸಿ ಪ್ರತಿ ಮೇಜಿಗೂ ಭಾರ ಇಡಿಸಿದರು. ಅಧ್ಯಕ್ಷರು ಸ್ವಾಗತ ಭಾಷಣಕ್ಕೆ ಉತ್ತರವಾಗಿ ಮಾಡಲು ಭಾಷಣ ತಯಾರಿಸಿದ್ದರು. ಸ್ವಾಗತ ಭಾಷಣವನ್ನೇ ಹುಡುಗಿ ರದ್ದು ಮಾಡಿದ್ದರಿಂದ ಅದು ಜೇಬಿನಲ್ಲೇ ಉಳಿಯಿತು.

ಆಟ ಶುರುವಾಯಿತು. ನಮ್ಮ ಬ್ಯಾಂಕ್ ಅಧಿಕಾರಿ ಎಂದಿನಂತೆ ವಿಶ್ವ ಚಾಂಪಿಯನ್ನರ ನಡೆಗಳನ್ನು ಪಟಪಟನೆ ಆಡಿದರು. ಎದುರಿನವನು ಪುಸ್ತಕದಲ್ಲಿಲ್ಲದ ಒಂದು ದಡ್ಡ ನಡೆ ನಡೆಸಿದ. ಇವರು ತಬ್ಬಿಬ್ಬಾಗಿ, "ಹೀಗೆ ಆಡುವ ಹಾಗಿಲ್ಲ," ಎಂದು ತೀರ್ಪುಗಾರಳಿಗೆ ದೂರು ಕೊಟ್ಟರು. ಆಡಬಹುದು ಎಂದಳು ಅವಳು. ಸ್ವಲ್ಪ ಹೊತ್ತಿಗೆ ಅವರು ಸೋತರು. ಎರಡನೇ ಬೋರ್ಡಿನಲ್ಲಿ ನಮ್ಮ ಡಾಕ್ಟರು ಒಂದು ನಡೆ ಯೋಚಿಸುವಷ್ಟರಲ್ಲಿ ಲಾರಿ ಮಾಲೀಕರು ಕಿಟಕಿಗೆ ಹೋಗಿ ಡ್ರೈವರಿಗೆ ಬೈದು ಬರುತ್ತಿದ್ದರು. ಅವರ ಆಟ ಚೆನ್ನಾಗಿಯೇ ಇತ್ತು. ಆದರೆ ಒಮ್ಮೆ ಕಿಟಕಿಗೆ ಹೋದವರು ಯಾವುದೋ ಲಾರಿ ಗೇಟಿಗೆ ಸಿಕ್ಕಿಕೊಂಡದ್ದನ್ನು ಬಿಡಿಸಲು ಕೆಳಗೇ ಇಳಿದರು. ಬರುವಷ್ಟರಲ್ಲಿ ಅವರ ಗಡಿಯಾರದ ಸಮಯ ಮುಗಿದಿತ್ತು. ಡಾಕ್ಟರು ಗೆದ್ದರು. ಜೀವನದಲ್ಲಿ ಮೊದಲ ಬಾರಿ ಔಷಧಿ ಇಷ್ಟು ಬೇಗ ಹತ್ತಿದ್ದನ್ನು ನೋಡಿ ಅವರೇ ಗಾಬರಿಯಾದಂತಿತ್ತು.

ನನ್ನ ಎದುರು ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದರು. ನಡೆ ನಡೆಸುವಾಗ ಅವರ ಕೈ ತಡವರಿಸುತ್ತಿರಲಿಲ್ಲ. ಕಾಯಿಯನ್ನು ಎತ್ತಿ, ಮನೆಯ ನಡುಮಧ್ಯಕ್ಕೆ ಇಟ್ಟು, ಕೈಯನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಚಿಕ್ಕವರಿದ್ದಾಗ ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಅಕ್ಕ ತಮ್ಮ ಇಬ್ಬರೂ ಪಡಸಾಲೆಯಲ್ಲಿ ಆಡುತ್ತಿದ್ದರಂತೆ. ಮದುವೆಯಾದ ಮೇಲೆ ಮುಟ್ಟಿರಲಿಲ್ಲವಂತೆ. ಇದನ್ನೆಲ್ಲ ನನಗೆ ಹೇಳಿದ್ದು ಆಮೇಲೆ. ಆಗ ನನಗೆ ಕಂಡದ್ದು ಇಷ್ಟೇ: ಅಧ್ಯಕ್ಷರು ಹೇಳಿದ ತೂಕಡಿಕೆಯ ಲಕ್ಷಣ ಎಲ್ಲೂ ಇರಲಿಲ್ಲ. ಒಂದು ಸಲ ನಾನು ಕುದುರೆಗೆ ಕೈ ಹಾಕಲು ಹೋದಾಗ, "ಯವ್ವಾ, ಹಂಗ ಬ್ಯಾಡ, ಇನ್ನೊಮ್ಮಿ ನೋಡು," ಎಂದರು. ತೀರ್ಪುಗಾರಳು ಓಡಿ ಬಂದು, ಎದುರಾಳಿಗೆ ಸಲಹೆ ಕೊಡಬಾರದು ಎಂದು ಅವರನ್ನು ಎಚ್ಚರಿಸಿದಳು. "ಪಾಪ, ಸೋಲ್ತಾಳ ಅಂತ ಹೇಳಿದೆ," ಎಂದರು ಕಾಕು. ಅವರು ಹೇಳಿದಂತೆಯೇ ಸೋತೆ. ಕೈ ಕುಲುಕಿದ ಮೇಲೆ ನನ್ನ ತಲೆ ನೇವರಿಸಿದರು. ಅದಕ್ಕೆ ನಿಯಮದಲ್ಲಿ ಅಡ್ಡಿ ಇದೆಯೇ ಎಂದು ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಂತಿತ್ತು.

ವಾಡಿಗೆ ಎರಡು, ನಮಗೆ ಒಂದು. ಉಳಿದದ್ದು ಮೊದಲ ಬೋರ್ಡು. ಎಲ್ಲರೂ ಹೋಗಿ ಅದರ ಸುತ್ತ ನಿಂತೆವು.

ಭಾವ, ಭಾವಮೈದ ಇಬ್ಬರೂ ಹೊಡೆದಾಡಿ ಹೊಡೆದಾಡಿ ಮಣೆಯನ್ನು ಬಟ್ಟಬಯಲು ಮಾಡಿದ್ದರು. ಇಬ್ಬರಿಗೂ ಒಂದೊಂದು ರಾಜ, ಒಂದೊಂದು ಆನೆ. ಅಷ್ಟೇ. ಚೆಸ್ ಬಲ್ಲವರಾರೂ ಇದನ್ನು ಮುಂದೆ ಆಡುವುದಿಲ್ಲ. ಯಾರೂ ಗೆಲ್ಲಲಾರದ ಸ್ಥಿತಿ, ಕೈ ಕುಲುಕಿ ಡ್ರಾ ಎಂದು ಎದ್ದುಬಿಡುತ್ತಾರೆ. ಡ್ರಾ ಆದರೆ ಪಂದ್ಯ ವಾಡಿಯದು. ಹಾಗಾಗಿ ನಮ್ಮ ಅಧ್ಯಕ್ಷರು ತಾವಾಗಿ ಡ್ರಾ ಕೇಳುವಂತಿರಲಿಲ್ಲ. ಭಾವಮೈದನೇ ಕೇಳಬೇಕಾಗಿತ್ತು. ಆದರೆ ಕೇಳಬೇಕೆಂದರೆ ಬಾಯಿ ಬಿಟ್ಟು, ಎದುರಾಳಿಗೇ ನೇರವಾಗಿ ಹೇಳಬೇಕು. ಅವನ ಶಪಥ ಅಡ್ಡ ಬಂತು. ಜೊತೆಗೆ ಅವನ ಗಡಿಯಾರದಲ್ಲಿ ಸಮಯ ಸವೆಯುತ್ತ ಬಂದಿತ್ತು. ಅದು ಮುಗಿದರೆ ಡ್ರಾ ಅಲ್ಲ, ಸೋಲು, ಪಂದ್ಯ ಸರಿಸಮ. ಅಧ್ಯಕ್ಷರು ಆನೆಯನ್ನು ಅತ್ತಿಂದಿತ್ತ, ಇತ್ತಿಂದತ್ತ ಸರಿಸುತ್ತ ಕಾಯತೊಡಗಿದರು. ಇಷ್ಟು ಜಾಣತನದ ತಂತ್ರವನ್ನು ಅವರು ಆ ಇಡೀ ಲೀಗಿನಲ್ಲಿ ಆಡಿರಲಿಲ್ಲ.

ಭಾವಮೈದ ತೀರ್ಪುಗಾರಳನ್ನು ಕೈಸನ್ನೆಯಿಂದ ಕರೆದ. "ಮ್ಯಾಡಮ್, ನಾನು ಡ್ರಾ ಕೊಡ್ತೀನಿ ಅಂತ ಇವರಿಗೆ ಹೇಳಿ," ಎಂದ ಹಿಂದಿಯಲ್ಲಿ.

"ನೀವೇ ಹೇಳಬೇಕು ಅಂಕಲ್. ನಾನು ಹೇಳುವ ಹಾಗಿಲ್ಲ."

"ಅವರಿಗೂ ನನಗೂ ಮಾತಿಲ್ಲ."

ಹುಡುಗಿ ತನ್ನ ಕೈಯಲ್ಲಿದ್ದ ನಿಯಮದ ಪುಸ್ತಕವನ್ನು ನೋಡಿದಳು. ಅದರಲ್ಲಿ ಭಾವಮೈದರ ಬಗ್ಗೆ ಏನೂ ಇರಲಿಲ್ಲ.

ಅವನು ಇನ್ನೊಂದು ದಾರಿ ಹಿಡಿದ. ಒಂದೇ ಸ್ಥಿತಿ ಮೂರು ಸಲ ಬಂದಿದೆ, ನಿಯಮದ ಪ್ರಕಾರ ಡ್ರಾ ಕೊಡಿ ಎಂದ. ಅದಕ್ಕೆ ನಡೆಗಳನ್ನು ಬರೆದ ಹಾಳೆ ಬೇಕು. ಹುಡುಗಿ ಗಡಿಯಾರ ನಿಲ್ಲಿಸಿ ಹಾಳೆ ತೆಗೆದುಕೊಂಡಳು, ತಿರುಗಿಸಿ ಮುರುಗಿಸಿ ನೋಡಿದಳು. ಅವನು ಕಾಯಿಗಳ ಹೆಸರನ್ನೆಲ್ಲ ಕನ್ನಡದಲ್ಲಿ ಬರೆದಿದ್ದ. ಆನೆಗೆ 'ಆ', ಒಂಟೆಗೆ 'ಒಂ', ಕುದುರೆಗೆ 'ಕು'. ಸ್ವಂತ ಭಾಷೆಯಲ್ಲಿ ಬರೆಯಲು ನಿಯಮದಲ್ಲಿ ಅವಕಾಶವಿದೆ ಎಂದು ವಾದಿಸಿದ. ಇದೆ, ಆದರೆ ಓದುವವರು ಯಾರು ಎಂದಳು ಹುಡುಗಿ. ಆ ಹಾಲಿನಲ್ಲಿ ಕನ್ನಡ ಓದಬಲ್ಲವರು ನಾಲ್ಕು ಜನ. ಒಬ್ಬ ಬರೆದವನು, ಒಬ್ಬರು ಎದುರಾಳಿ, ಒಬ್ಬರು ಬರೆದವನ ಅಕ್ಕ. ಉಳಿದವಳು ನಾನು, ಎದುರಾಳಿಯ ಬಾಡಿಗೆದಾರಳು. ನಾಲ್ವರಲ್ಲಿ ನಾನೇ ಹೆಚ್ಚು ನಿಷ್ಪಕ್ಷಪಾತಿ ಎಂದು ಹುಡುಗಿ ತೀರ್ಮಾನಿಸಿದಳು.

ಓದಿದೆ. "ಆ, ಆ, ರಾ, ಆ..." ಎಂದು ನಾನು ಗಟ್ಟಿಯಾಗಿ ಓದುವುದನ್ನು ಲಾರಿ ಮಾಲೀಕರು ಬಾಯಿ ತೆರೆದು ಕೇಳಿದರು. ಅಲ್ಲಿಗೆ ಹಾಳೆ ನಿಂತಿತ್ತು. ಸಿಟ್ಟಿನ ಭರದಲ್ಲಿ ಅವನು ಬರೆಯುವುದನ್ನೇ ಬಿಟ್ಟುಬಿಟ್ಟಿದ್ದ. ಪುರಾವೆ ಸಾಲದು ಎಂದು ಹುಡುಗಿ ಗಡಿಯಾರವನ್ನು ಮತ್ತೆ ಚಾಲೂ ಮಾಡಿದಳು.

ಭಾವಮೈದನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅವನ ತಂಡದವರು ಎದುರು ನಿಂತು ಕೈ ಕುಲುಕುವ ಅಭಿನಯ ಮಾಡಿ ತೋರಿಸುತ್ತಿದ್ದರು. ಅವನು ಯಾರನ್ನೂ ನೋಡಲಿಲ್ಲ. ಅಕ್ಕನ ಕಡೆ ನೋಡಿದ. ಕಾಕು ಏನೂ ಸನ್ನೆ ಮಾಡಲಿಲ್ಲ, ಸುಮ್ಮನೆ ಅವನನ್ನೇ ನೋಡುತ್ತ ನಿಂತಿದ್ದರು. ಎಷ್ಟೋ ವರ್ಷಗಳಿಂದ ಗೇಟಿನಾಚೆ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಆ ಮುಖದಲ್ಲಿ ಆಯಾಸ ಕಂಡಿತು ನನಗೆ. ಅವನಿಗೂ ಕಂಡಿರಬೇಕು. ಆನೆಯನ್ನು ಒಂದು ಮನೆ ಸರಿಸಿ, ಮಣೆಯನ್ನೇ ನೋಡುತ್ತ ಅಂದ:

"ಭಾವಾರ, ಡ್ರಾ?"

ಕೆಳಗೆ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಅಧ್ಯಕ್ಷರು ತಲೆ ಎತ್ತಿ, ಕಿವಿಗೆ ಕೈ ಹಚ್ಚಿದರು.

"ಏನು?"

"ಡ್ರಾ ಅಂದೆ."

"ಕೂಲರ್ ಸಪ್ಪಳ ಭಾಳ ಐತಿ. ಅದರ ಮೊದಲ ಏನೋ ಅಂದಿ?"

ಭಾವಮೈದ ಹಲ್ಲು ಕಚ್ಚಿದ. ಬ್ಯಾಂಕ್ ಅಧಿಕಾರಿ ನನ್ನ ಪಕ್ಕದಲ್ಲಿ, "ಬೇಡ ಅನ್ನಿ, ಬೇಡ ಅನ್ನಿ," ಎಂದು ಮರಾಠಿಯಲ್ಲಿ ಪಿಸುಗುಡುತ್ತಿದ್ದರು. ಬೇಡ ಎಂದಿದ್ದರೆ ಇನ್ನು ಸ್ವಲ್ಪದರಲ್ಲಿ ಅವನ ಸಮಯ ಮುಗಿಯುತ್ತಿತ್ತು, ಸೋಲು ನಮ್ಮ ತಲೆಯ ಮೇಲಿಂದ ಇಳಿಯುತ್ತಿತ್ತು.

"ಭಾವಾರ ಅಂದೆ," ಎಂದ ಭಾವಮೈದ, ಲಾರಿಗೂ ಕೇಳುವಂತೆ.

ಅಧ್ಯಕ್ಷರು ಮಣೆಯ ಮೇಲೆ ಕೈ ಚಾಚಿದರು. ಚಾಚಿದ ಭರದಲ್ಲಿ ಇಬ್ಬರ ಆನೆಗಳೂ ಉರುಳಿ ಬಿದ್ದವು. ಕೈ ಹಿಡಿದುಕೊಂಡು ಮೊದಲು ಅವರು ಹೇಳಿದ ಮಾತು, "ಎಷ್ಟು ಸೊರಗಿಯಲ್ಲೋ," ಎಂದು. "ಶುಗರ್ ಐತ್ರಿ," ಎಂದ ಅವನು. ಆಮೇಲೆ ಇಬ್ಬರೂ ಶುಗರ್ ಬಗ್ಗೆ, ಯಾವ ಗುಳಿಗೆ, ಯಾವ ಡಾಕ್ಟರು ಎಂದು ಮಾತಾಡುತ್ತ ಅಲ್ಲೇ ಕೂತರು. ಹುಡುಗಿ ಸಹಿಗಾಗಿ ಹಾಳೆ ಹಿಡಿದು ನಿಂತಿದ್ದಳು. ಕಾಕು ಬುತ್ತಿ ಬಿಚ್ಚಲು ಹೋದರು. ಅವರು ಗೋಡೆಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿ, ನಾನು ತಟ್ಟೆ ಹಂಚುವ ನೆಪದಲ್ಲಿ ಅವರಿಗೆ ಮರೆಯಾಗಿ ನಿಂತೆ.

ಹೀಗೆ ನಾವು ಲೀಗಿನಲ್ಲಿ ಕಟ್ಟಕಡೆಯವರಾದೆವು. ಆ ವಾರ ಕ್ಲಬ್ಬಿನಲ್ಲಿ ವಿಮರ್ಶಾ ಸಭೆ ಸೇರಿತು. ಸೋತರೂ ನೈತಿಕ ವಿಜಯ ನಮ್ಮದೇ ಎಂದು ಅಧ್ಯಕ್ಷರು ಗೊತ್ತುವಳಿ ಮಂಡಿಸಿದರು. ಗೆಲುವನ್ನು ಬೀಗತನಕ್ಕೆ ಬಲಿಕೊಟ್ಟದ್ದನ್ನು ನೈತಿಕ ವಿಜಯ ಎನ್ನಲಾಗದು ಎಂದು ಬ್ಯಾಂಕ್ ಅಧಿಕಾರಿ ಆಕ್ಷೇಪಿಸಿದರು. ಸಮಸಮವಾಗಬಹುದಾಗಿದ್ದ ಪಂದ್ಯವನ್ನು ಅವರು ಆಗಲೇ ಗೆಲುವು ಎಂದು ಕರೆಯತೊಡಗಿದ್ದರು. ಡಾಕ್ಟರು ತಾವು ಗೆದ್ದ ಆಟವನ್ನು ಎಲ್ಲರಿಗೂ ವಿವರಿಸಲು ಎದ್ದರು. ಗೊತ್ತುವಳಿ ಸರ್ವಾನುಮತದಿಂದ ಪಾಸಾಯಿತು, ಏಕೆಂದರೆ ಅವರ ವಿವರಣೆ ನಿಲ್ಲಿಸಲು ಬೇರೆ ದಾರಿ ಇರಲಿಲ್ಲ.

ಭಾವಮೈದ ಈಗ ಮನೆಯೊಳಗೇ ಬರುತ್ತಾನೆ. ಬಂದಾಗಲೆಲ್ಲ ಭಾವನ ಜೊತೆ ಜಗಳವಾಡುತ್ತಾನೆ. ಜಗಳ ಬೇರೆ ವಿಷಯಕ್ಕೆ: ಮುಂದಿನ ವರ್ಷ ಕಾಕು ಯಾವ ತಂಡದಲ್ಲಿ ಆಡಬೇಕು ಎಂಬುದಕ್ಕೆ. ಅಕ್ಕನಿಗೆ ಆಟ ಕಲಿಸಿದವನು ತಾನು ಎಂದು ಅವನು. ಇಷ್ಟು ವರ್ಷ ಚೆಸ್ಸಿನ ವಾತಾವರಣ ಒದಗಿಸಿದವನು ತಾನು ಎಂದು ಇವರು. ನನ್ನನ್ನು ಯಾವ ತಂಡಕ್ಕೂ ಯಾರೂ ಕೇಳಿಲ್ಲ.

ದೀಪಾವಳಿ ಕಳೆದು ಬಿಸಿಲು ಇಳಿದ ಮೇಲೆ ಪಕ್ಕದೂರು ಕಾಮ್ಠಿಯಲ್ಲಿ ಹೆಂಗಸರಿಗಾಗಿಯೇ ಒಂದು ಪಂದ್ಯಾವಳಿ ನಡೆಯಿತು. ಕಾಕು ಯಾರಿಗೂ ಹೇಳದೆ ನನ್ನ ಫೋನಿನಿಂದ ಹೆಸರು ಕಳಿಸಿದ್ದರು. ಆ ಬೆಳಿಗ್ಗೆ ಕಾರು ಓಡಿಸಿದವರು ಅಧ್ಯಕ್ಷರು, ಪಕ್ಕದಲ್ಲಿ ಕೂತು ದಾರಿ ತೋರಿಸಿದವನು ಭಾವಮೈದ. ಅದರಿಂದಾಗಿ ನಾವು ತಡವಾಗಿ ತಲುಪಿದೆವು. ಗಂಡಸರನ್ನು ಒಳಗೆ ಬಿಡಲಿಲ್ಲ. ಇಬ್ಬರೂ ಬೇವಿನ ಮರದ ಕೆಳಗೆ ಎರಡು ನೀರಿನ ಬಾಟಲಿ ಹಿಡಿದು ಕೂತರು. ನಾನು ಒಳಗೂ ಹೊರಗೂ ಓಡಾಡಿಕೊಂಡಿದ್ದೆ.

ಮೊದಲ ಸುತ್ತು ಮುಗಿಸಿ ಕಾಕು ಹೊರಗೆ ಬಂದರು. ಇಬ್ಬರೂ ಒಟ್ಟಿಗೇ ಎದ್ದರು. "ಏನಾತು?"

"ಚಾ ಎಲ್ಲಿ ಸಿಗತೈತಿ?" ಎಂದರು ಕಾಕು.

ಗೇಟಿನ ಎದುರಿನ ಗಾಡಿಯಲ್ಲಿ ಚಹಾ ಕುಡಿಯುತ್ತ ಹೇಳಿದರು: "ಸೋತೆ. ಆದ್ರ ಚಲೋ ಆಟ ಆತು. ಎದುರಿನ ಹುಡಿಗಿ ಭಾಳ ಶಾಣ್ಯಾ ಇದ್ಲು." ಅವರ ಮುಖ ಕೆಂಪಾಗಿತ್ತು, ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಎಲ್ಲಿ ತಪ್ಪಾಯಿತು ಎಂದು ಅಧ್ಯಕ್ಷರು ವಿವರಿಸತೊಡಗಿದರು. ಭಾವಮೈದ ನಡುನಡುವೆ ಹೌದು ಹೌದು ಎಂದು ತಲೆಯಾಡಿಸಿದ. ಆಟವನ್ನು ಇಬ್ಬರೂ ನೋಡಿರಲಿಲ್ಲ. ಕಾಕು ಕಪ್ಪು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಎರಡನೇ ಸುತ್ತಿಗೆ ಒಳಗೆ ಹೋದರು.